ಚೆನ್ನಯನ ಎಂಟು ಸೀಟಿನ ಗಾಡಿ

ಚೆನ್ನಯ ಮನುಷ್ಯ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಮುಂಬಯಿಯ ಕಾಂದಿವಲಿಯಲ್ಲಿ ಕಾರ್ಖಾನೆಗಳ ನಡುವೆ ಅವನದೊಂದು ಕ್ಯಾಂಟೀನು. ಮುನ್ನೂರು ಚಪಾತಿಯ ಹಿಟ್ಟನ್ನು ಒಬ್ಬನೇ ನಾದುತ್ತಿದ್ದ. ಆ ಕೈಯಿಂದ ಮಕ್ಕಳ ತಲೆಗೆ ಎಣ್ಣೆ ತಿಕ್ಕಿದರೆ ಅವು ಕೂತಲ್ಲೇ ನಿದ್ದೆ ಹೋಗುತ್ತಿದ್ದವು. ಅದೇ ಕೈಯಿಂದ ಏಟು ತಿಂದವರಿಗೆ ಎದ್ದೇಳಲು ಹೊತ್ತು ಹಿಡಿಯುತ್ತಿತ್ತು. ಸಾಂಬಾರಿನಲ್ಲಿ ಜಿರಲೆ ಇದೆ ಎಂದು ಸುಳ್ಳು ಹೇಳಿದ ಲಾರಿ ಡ್ರೈವರನ ಮೂಗು ಮುರಿದಿದ್ದ. ನೀರು ಬೆರೆಸಿದ ಹಾಲಿನವನಿಗೆ ಅವನದೇ ಕ್ಯಾನು ಎತ್ತಿ ಬಾರಿಸಿದ್ದ. ಲೋಕಲ್‌ ರೈಲಿನಲ್ಲಿ ಹೆಂಡತಿ ಸೇವಂತಿಯ ಸೆರಗು ಎಳೆದವನಿಗೆ ಏನು ಮಾಡಿದನೋ, ಅದನ್ನು ಮಾತ್ರ ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಇರಲಿ.

ಹಾಲಿನವನ ಗಲಾಟೆಗೆ ಪೊಲೀಸರು ಅವನ ಮನೆಯಿದ್ದ ಚಾಳಿಗೇ ಬಂದರು. ಅವರು ಹೋದ ಮೇಲೆ ಸೇವಂತಿ ಬಾಗಿಲು ಹಾಕಿ ಹೇಳಿದಳು:

"ಇನ್ನೊಂದು ಸಲ ಯಾರ ಮೇಲಾದ್ರೂ ಕೈ ಮಾಡಿದ್ರೆ ನಾನು ಮಕ್ಕಳನ್ನು ಕರ್ಕೊಂಡು ಊರಿಗೆ, ಮುಲ್ಕಿಗೆ ಹೋಗ್ತೇನೆ. ಮತ್ತೆ ಕಣ್ಣೀರು ಹಾಕಿದ್ರೆ ಬರುವವಳಲ್ಲ, ನೋಡಿ."

"ಇಲ್ಲ ಮಾರಾಯ್ತಿ, ಇನ್ನಿಲ್ಲ."

ಹನ್ನೊಂದು ತಿಂಗಳು ಮಾತು ಉಳಿಸಿಕೊಂಡ. ಸಿಟ್ಟು ಬಂದಾಗ ಒಳಗೆ ಹೋಗಿ ಹಿಟ್ಟಿಗೆ ಗುದ್ದುತ್ತಿದ್ದ. ಆ ವರ್ಷ ಚಪಾತಿ ಬಹಳ ಮೆತ್ತಗಿತ್ತಂತೆ.

ಎಂಬತ್ತೊಂಬತ್ತರಲ್ಲಿ ಅವನ ತಲೆಗೆ ಗಾಡಿ ಹೊಕ್ಕಿತು. ಊರಿನ ಬಸ್ಸು ಎಂದರೆ ಒಂದು ಹಗಲು, ಒಂದು ರಾತ್ರಿ. ಮೂರು ಮಕ್ಕಳಲ್ಲಿ ಒಂದು ವಾಂತಿ ಮಾಡಿದರೆ ಉಳಿದೆರಡು ಅದಕ್ಕೆ ಜೊತೆ ಕೊಡುತ್ತಿದ್ದವು. ಕುರ್ಲಾದ ಒಬ್ಬ ದಲಾಲನ ಅಂಗಳದಲ್ಲಿ ಚೆನ್ನಯ ಒಂದು ಡೀಸೆಲ್ ಗಾಡಿ ನೋಡಿದ. ಜೀಪಿನ ಜಾತಿಯದೇ, ಆದರೆ ಮೇಲೆ ಗಟ್ಟಿ ತಗಡಿನ ಮಾಡು, ಒಳಗೆ ಎಂಟು ಸೀಟು, ಏಸಿ ಬೇರೆ. ದುಬೈಗೆ ಹೋದ ಯಾವುದೋ ಸೇಠ್ ಬಿಟ್ಟುಹೋದದ್ದು. ಚೆನ್ನಯ ಸೀಟಿನ ಮೇಲೆ ಕೈಯಾಡಿಸಿದ, ಮಗುವಿನ ಬೆನ್ನು ಸವರಿದ ಹಾಗೆ.

ಮರುದಿನ ಅವನು ತನ್ನ ಕ್ರಮದಂತೆ ನಡೆದುಕೊಂಡ. ಹರಿವಾಣದಲ್ಲಿ ಐದು ವೀಳ್ಯದೆಲೆ, ಅಡಿಕೆ ಇಟ್ಟು ದಲಾಲನ ಮುಂದೆ ಹಿಡಿದ. ದಲಾಲ ಬಲಗೈಯಲ್ಲೇ ತೆಗೆದುಕೊಂಡ. ಚೆನ್ನಯನ ಊರಿನಲ್ಲಿ ಹೆಣ್ಣು ಕೊಡುವ ಮಾತೂ ಅಷ್ಟಕ್ಕೇ ಗಟ್ಟಿಯಾಗುತ್ತದೆ. ವೀಳ್ಯ ಹಿಡಿದ ಮೇಲೆ ಮಾತು ತಪ್ಪಿದವನ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ದಲಾಲ ಎರಡು ಎಲೆ ಮಡಚಿ ಬಾಯಿಗಿಟ್ಟು, "ಚೂನಾ ಕಮ್ ಹೈ, ಅಣ್ಣಾ," ಸುಣ್ಣ ಸಾಲದು ಎಂದು ನಕ್ಕ. ಚೆನ್ನಯನೂ ನಕ್ಕ. ಚೀಟಿ ಬರೆಸಲಿಲ್ಲ, ಮುಂಗಡ ಕೊಡಲಿಲ್ಲ.

ಶುಕ್ರವಾರ ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಗಂಡಹೆಂಡಿರು ಗಾಡಿ ಒಯ್ಯಲು ಬಂದರು. ಸೇವಂತಿಯ ಚೀಲದಲ್ಲಿ ತೆಂಗಿನಕಾಯಿ, ಲಿಂಬೆಹಣ್ಣು; ಮುಡಿಯಲ್ಲಿ ಮಲ್ಲಿಗೆ. ಗಾಡಿಯಲ್ಲಿ ಬೇರೆಯವರು ಕೂತಿದ್ದರು. ಡ್ರೈವರ್ ಸೀಟಿನಲ್ಲಿ ಕನ್ನಡಕದ ಸಣಕಲು ಮನುಷ್ಯ, ಪಕ್ಕದಲ್ಲಿ ಹೆಂಡತಿ, ಹಿಂದೆ ಎರಡು ಜಡೆಯ ಹುಡುಗಿ.

"ಇದು ನನ್ನ ಗಾಡಿ!" ಎಂದ ಚೆನ್ನಯ.

"ಪೈಸಾ ದಿಯಾ ಕ್ಯಾ?" ಎಂದ ದಲಾಲ.

"ವೀಳ್ಯ ಹಿಡಿದಿದ್ದೀ!"

"ಪಾನ್ ಖಿಲಾಯಾ, ಖಾ ಲಿಯಾ!" ನೀನು ತಿನ್ನಿಸಿದೆ, ನಾನು ತಿಂದೆ, ಅಷ್ಟೇ ಎಂಬಂತೆ ದಲಾಲ ಕೈಯಾಡಿಸಿದ.

ಅಂಗಳದ ಮೆಕ್ಯಾನಿಕ್‌ಗಳು ಗೊಳ್ಳೆಂದು ನಕ್ಕರು. ಆ ನಗೆಗೆ ಹನ್ನೊಂದು ತಿಂಗಳ ಸಿಟ್ಟು ಒಮ್ಮೆಲೇ ಮೇಲೆ ಬಂತು. ಸೇವಂತಿ ಅವನ ತೋಳು ಹಿಡಿದಳು. "ಬೇಡ, ಬನ್ನಿ, ಬೇರೆ ಗಾಡಿ ನೋಡುವ." ತೋಳು ಜಾಡಿಸಿದ ರಭಸಕ್ಕೆ ಅವಳು ಕೆಳಗೆ ಬಿದ್ದಳು. ಅವನು ದಲಾಲನ ಕಡೆಗೆ ಹೋಗಲೇ ಇಲ್ಲ. ಗಾಡಿಯ ಬಾಗಿಲು ತೆರೆದು ಕನ್ನಡಕದವನನ್ನು ಕಾಲರ್ ಹಿಡಿದು ಎಳೆದು ಹಾಕಿದ. ಮೊದಲ ಏಟಿಗೆ ಕನ್ನಡಕ ಪುಡಿಯಾಯಿತು. ಎರಡನೆಯದಕ್ಕೆ ದವಡೆ ಲಟಕ್ಕೆಂದಿತು. ಮೂರನೆಯದು ಬೀಳುವಾಗ ಹಿಂದಿನ ಸೀಟಿನಿಂದ ಹುಡುಗಿ ಕಿರುಚಿತು:

"ಅಪ್ಪನ್ನ ಬಿಟ್ಬಿಡಿ! ಅಮ್ಮಾ, ಅಪ್ಪನ್ನ ಸಾಯಿಸ್ತಾರೆ!"

ಕನ್ನಡ. ಚೆನ್ನಯನ ಮುಷ್ಟಿ ನಿಂತಿತು. ಅಷ್ಟರಲ್ಲಿ ದಲಾಲನ ಕಡೆಯವನೊಬ್ಬ ಜಾಕಿನ ರಾಡಿನಿಂದ ಅವನ ಬೆನ್ನಿಗೆ ಬಾರಿಸಿದ. ಚೆನ್ನಯ ಆ ರಾಡು ಕಸಿದು ಹೊಡೆದವನ ಮೊಣಕಾಲಿಗೇ ಇಳಿಸಿದ, ಮತ್ತೆ ದಲಾಲನ ಮೊಣಕೈಗೆ. ದಲಾಲ ಇನ್ನೊಂದು ಕೈಯಿಂದ ಕೀಲಿ ಎಸೆದ. "ಲೇ ಜಾ ತೇರಾ ಗಾಡಿ! ಪೈಸಾ ಬಾದ್ ಮೇ ದೇ, ಲೇ ಜಾ!" ದುಡ್ಡು ಆಮೇಲೆ ಕೊಟ್ಟರಾಯಿತು, ಒಯ್ಯಿ ಎಂದು ಅರಚಿದ.

ಚೆನ್ನಯ ಕೀಲಿ ಎತ್ತಿಕೊಂಡು ತಿರುಗಿದ. "ಸೇವಂತಿ, ಹತ್ತು."

ಅವಳು ನೆಲದಲ್ಲಿ ಕೂತಿದ್ದಳು. ಕನ್ನಡಕದವನ ತಲೆ ಅವಳ ತೊಡೆಯ ಮೇಲಿತ್ತು, ಸೆರಗು ಅವನ ಬಾಯಿಗೆ ಒತ್ತಿತ್ತು. ಸೆರಗಿನ ಬಣ್ಣ ಯಾವುದೆಂದು ಗೊತ್ತಾಗುತ್ತಿರಲಿಲ್ಲ.

"ಇವರು ನಿಮಗೆ ಏನು ಮಾಡಿದ್ರು?" ಎಂದಳು.

ಅವಳು ಅವರ ಜೊತೆಗೇ ರಿಕ್ಷಾ ಹತ್ತಿ ಆಸ್ಪತ್ರೆಗೆ ಹೋದಳು. ಆತನ ಹೆಸರು ಜಯಸಿಂಹ, ಮೈಸೂರಿನವರು, ಅಂಧೇರಿಯಲ್ಲಿ ಮನೆ, ಮಗಳಿಗೆಂದು ಗಾಡಿ ಕೊಂಡವರು. ಇದೆಲ್ಲ ಅಲ್ಲಿ ತಿಳಿದದ್ದು.

ಮರುದಿನ ಸೇವಂತಿ ಮೂರು ಮಕ್ಕಳನ್ನು ಕರೆದುಕೊಂಡು ಊರಿನ ಬಸ್ಸು ಹತ್ತಿದಳು. ಚೆನ್ನಯ ಖಾಲಿ ಗಾಡಿಯನ್ನು ಬಸ್ಸಿನ ಹಿಂದೆಯೇ ಓಡಿಸಿದ, ಹಾರ್ನ್ ಒತ್ತುತ್ತ. ಪನವೇಲಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಕಿಟಕಿಯ ಕೆಳಗೆ ಬಂದು ನಿಂತ.

"ನಾನೇ ಬಿಡ್ತೇನೆ ಊರಿಗೆ. ಮಕ್ಕಳಿಗಾದ್ರೂ ಸುಖ ಆಗ್ತದೆ. ಸೀಟು ಎಲ್ಲ ತೊಳೆದಿದ್ದೇನೆ."

"ಗಾಡಿ ಅವರಿಗೆ ಕೊಡಿ," ಎಂದಳು ಸೇವಂತಿ. "ಅವರು ಕ್ಷಮಿಸಿದ್ದೇವೆ ಅಂತ ತಮ್ಮ ಕೈಯಾರೆ ಕಾಗದ ಬರೆದ್ರೆ ಬರ್ತೇನೆ. ನೀವು ಹೇಳಿ ಬರೆಸಿದ್ದಲ್ಲ."

ಗಾಡಿ ಕೊಟ್ಟ. ಪ್ರತಿ ಭಾನುವಾರ ಅಂಧೇರಿಯ ಆ ಬಿಲ್ಡಿಂಗಿಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಜಯಸಿಂಹರ ದವಡೆಗೆ ತಂತಿ ಹಾಕಿದ್ದರು, ಗಂಜಿಯಷ್ಟೇ ಇಳಿಯುತ್ತಿತ್ತು. ಇವನನ್ನು ಕಂಡರೆ ಹುಡುಗಿ ಕಿರುಚಿ ಮಂಚದ ಕೆಳಗೆ ಹೋಗುತ್ತಿತ್ತು. ಒಂಬತ್ತನೆಯ ಭಾನುವಾರ ಜಯಸಿಂಹರ ಹೆಂಡತಿ ಸರಸ್ವತಿ ಸರಪಳಿ ತೆಗೆಯದೆ ಬಾಗಿಲನ್ನು ಬೆರಳಗಲ ಸರಿಸಿದಳು.

"ನಿಮ್ಮ ಹೆಂಡ್ತಿ ಅವತ್ತು ದಾರಿಯುದ್ದಕ್ಕೂ ನಮ್ಮೆಜಮಾನರ ತಲೆ ಹಿಡ್ಕೊಂಡಿದ್ರು. ಅವರ ವಿಳಾಸ ಕೊಡಿ, ಕಾಗದ ಬರೀತೀನಿ."

ಚೆನ್ನಯ ಎರಡೂ ಕೈ ಮುಗಿದ. ಕಣ್ಣಲ್ಲಿ ನೀರು ಬಂತು.

"ಕೈ ಮುಗೀಬೇಡಿ," ಎಂದಳು ಸರಸ್ವತಿ. "ವಾಪಸ್ ಬರಬೇಡಮ್ಮ ಅಂತ ಬರೀತೀನಿ."

ಅವನು ವಿಳಾಸ ಕೊಟ್ಟ. ಅವಳು ಬರೆದಳು. ಸೇವಂತಿ ಬರಲಿಲ್ಲ.