ಮಗಳು ನೀರು ಕುಡಿಯದ ವರ್ಷ

ಆಗ ನನ್ನ ಮಗಳು ಮದಲೂರಿನಿಂದ ದಿನಾ ಬಸ್ಸಿನಲ್ಲಿ ಶಿರಾಕ್ಕೆ, ಪಿಯುಸಿ ಓದಲು ಹೋಗುತ್ತಿದ್ದಳು. ಬೆಳಿಗ್ಗೆ ಏನು ಮಾಡಿಟ್ಟರೂ ಮುಟ್ಟುತ್ತಿರಲಿಲ್ಲ. ಒಂದು ಲೋಟ ನೀರು ಕೊಟ್ಟರೂ ತುಟಿಗೆ ತಾಗಿಸಿ ಇಟ್ಟುಬಿಡುತ್ತಿದ್ದಳು. ಸಂಜೆ ಹಸಿವು ತಡೆಯಲಾರದೆ ಬಸ್‌ಸ್ಟ್ಯಾಂಡಿನಲ್ಲಿ ಗೋಬಿಯೋ ಚಿಪ್ಸೋ ತಿಂದು ಬರುತ್ತಿದ್ದಳು. ಹೊಟ್ಟೆನೋವು ಶುರುವಾಯಿತು. ಯಾವತ್ತೋ ಒಂದು ದಿನ ಕಕ್ಕಸಿಗೆ ಹೋದರೆ ರಕ್ತ. ಅದನ್ನು ಯಾರಿಗೂ ಹೇಳಿರಲಿಲ್ಲ. ಬಟ್ಟೆ ಒಗೆಯುವಾಗ ನನ್ನ ಕಣ್ಣಿಗೆ ಬಿತ್ತು.

ಈಗಿನ ಮಕ್ಕಳಿಗೆ ಮುದ್ದೆ ಸೇರಲ್ಲ, ಪಾಕೀಟೇ ಬೇಕು ಎಂದು ಅತ್ತೆ ಗೊಣಗಿದರು. ಸಣ್ಣ ಆಗೋಕೆ ಉಪವಾಸ ಮಾಡುತ್ತಿದ್ದಾಳೆ ಎಂದು ನನ್ನ ಗಂಡ ತೀರ್ಪು ಕೊಟ್ಟರು.

ನಾನು ಅವಳನ್ನು ಶಿರಾದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿ, ಮಲ ಗಟ್ಟಿಯಾಗಿ ಜಾಗ ಬಿರುಕು ಬಿಟ್ಟಿದೆ ಎಂದರು. ನೀರು ಯಾಕೆ ಕುಡಿಯಲ್ಲ ಎಂದು ಮೆತ್ತಗೆ ಕೇಳಿದರು. ಮಗಳು ನನ್ನ ಕಡೆ ತಿರುಗಿ ಹೇಳಿದಳು: "ಕಾಲೇಜಲ್ಲಿ ಟಾಯ್ಲೆಟ್‌ಗೆ ಬೀಗ ಹಾಕಿರ್ತಾರೆ ಕಣಮ್ಮ. ಕೀ ಬೇಕಂದ್ರೆ ಆಫೀಸಲ್ಲಿ ಹುಡುಗ್ರ ಮುಂದೆ ನಿಂತ್ಕೊಂಡು ಕೇಳ್ಬೇಕು. ತಿನ್ನದೆ ಕುಡೀದೆ ಇದ್ರೆ ಹೋಗೋದೇ ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಂದ ನೇರ ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಕೂರಿಸಿ, ಸಮಾಧಾನವಾಗಿ ವಿವರಿಸಿದರು. ಹುಡುಗಿಯರು ಗಲೀಜು ಮಾಡುತ್ತಾರಂತೆ, ತೊಳೆಯಲು ಜನ ಸಿಗುವುದಿಲ್ಲವಂತೆ. ಮಕ್ಕಳಿಗೆ ಆಹಾರದ ಬಗ್ಗೆ ಭಾಷಣ ಮಾಡಿಸಿದ್ದೇವೆ, ದಿನಾ ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳಿಸಿದ್ದೇವೆ ಎಂದೂ ಸೇರಿಸಿದರು. ಅವರ ಕೋಣೆಗೇ ಅಂಟಿಕೊಂಡು ಅವರ ಟಾಯ್ಲೆಟ್ಟಿನ ಬಾಗಿಲಿತ್ತು. ಒಳಗೆ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಇದಕ್ಯಾಕೆ ಬೀಗ ಹಾಕಿಲ್ಲ ಸಾರ್?" ಎಂದೆ.

ಮಾರನೆಯ ದಿನ ಮಗಳ ಗೆಳತಿಯರ ತಾಯಂದಿರನ್ನೂ ಕರೆದುಕೊಂಡು ಹೋಗಿ ಆಫೀಸಿನ ಬಾಗಿಲಲ್ಲಿ ಕೂತೆ. ತರಗತಿ ನಡೆಯುತ್ತಿದೆ, ಗಲಾಟೆ ಮಾಡಬೇಡಿ ಎಂದರು ಪ್ರಿನ್ಸಿಪಾಲರು. ನಾವು ಗಲಾಟೆ ಮಾಡಲಿಲ್ಲ, ಏಳಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬೀಗ ತೆಗೆಸಿದರು. ಒಳಗೆ ನೀರೇ ಇರಲಿಲ್ಲ. ಅದಕ್ಕೆ ಮತ್ತೆ ಮತ್ತೆ ಓಡಾಡಬೇಕಾಯಿತು. ಕೊನೆಗೆ ನೀರು ಬಂತು, ತೊಳೆಯಲು ಒಬ್ಬಾಕೆಯೂ ಬಂದಳು.

ಔಷಧಿ, ಸೊಪ್ಪಿನ ಸಾರು, ನೆನೆಸಿದ ಒಣದ್ರಾಕ್ಷಿ ಎಂದು ತಿಂಗಳುಗಟ್ಟಲೆ ಮಾಡಿದ ಮೇಲೆ ಮಗಳ ನೋವು ನಿಂತಿತು. ಈಗ ಬೆಳಿಗ್ಗೆ ರೊಟ್ಟಿ ತಿಂದೇ ಹೊರಡುತ್ತಾಳೆ. ಆದರೆ ಈಗಿನ ಹುಡುಗಿಯರ ತಿನ್ನೋ ಚಟದ ಬಗ್ಗೆ ಯಾರಾದರೂ ಮಾತೆತ್ತಿದರೆ ನಾನು ಎದ್ದು ಬರುತ್ತೇನೆ. ಕೂತರೆ ಜಗಳವಾಗುತ್ತದೆ.