ಲೋಟದೊಳಗಿನ ಉಂಗುರಗಳು

ನಮ್ಮ ಮನೆಯಲ್ಲಿ ಲೋಟದ ನೀರು ಸುಮ್ಮನೆ ನಿಲ್ಲುವುದಿಲ್ಲ. ಕುಡಿಯಲೆಂದು ತುಂಬಿಟ್ಟ ಸ್ಟೀಲಿನ ಲೋಟದೊಳಗೆ ಇಣುಕಿದರೆ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಉಂಗುರಗಳು ಓಡಾಡುತ್ತಲೇ ಇರುತ್ತವೆ. ನಡುಮನೆಯ ಗೋಡೆಯ ಆಚೆ ನಮ್ಮ ಎರಡು ವಿದ್ಯುತ್ ಮಗ್ಗಗಳು ಬೆಳಗಾಗುವುದೇ ತಡ ಖಡಖಡ ಎನ್ನಲು ಶುರುಮಾಡುತ್ತವೆ. ಅವು ನೇಯುವ ಸೀರೆ ಅಂಗಡಿಗೆ ಹೋಗುತ್ತದೆ, ಅವುಗಳ ನಡುಕ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲರ ಮನೆಯ ನೀರೂ ಹೀಗೇ ಇರುವುದರಿಂದ, ನೀರೆಂದರೆ ಇದೇ ಎಂದು ತಿಳಿದುಕೊಂಡೇ ನಾನು ನಲವತ್ತರ ಹತ್ತಿರ ಬಂದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕುಳಿತವಳು ನಾನು. ನೀರಿನ ನಿಜವಾದ ಸ್ವಭಾವ ತಿಳಿಯಲು ನನಗೆ ಮುಧೋಳದಿಂದ ಒಂದು ಜೀವ ಬಸ್ಸಿನಲ್ಲಿ ಬರಬೇಕಾಯಿತು.

ತಂದವನು ನನ್ನ ತಮ್ಮ ಈರಣ್ಣ. ಮುಧೋಳದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ, ಅಲ್ಲೇ ಒಂದು ಬಾಡಿಗೆ ಕೋಣೆ. ಕೋಣೆಗೆ ಬಣ್ಣ ಹಚ್ಚುತ್ತಾರೆ, ಆ ವಾಸನೆ ಈ ಜೀವಕ್ಕೆ ಆಗುವುದಿಲ್ಲ, ಮುಗಿಯುವವರೆಗೆ ಇಲ್ಲಿರಲಿ ಎಂದು ಮಡಿಲಲ್ಲಿ ಕೂಸನ್ನು ಹಿಡಿದಂತೆ ಒಂದು ಉಪ್ಪಿನಕಾಯಿ ಬಾಟಲಿ ಹಿಡಿದುಕೊಂಡು ಬಂದ. ಬಾಟಲಿಯೊಳಗೆ ಮೀನು. ಜಾತಿಯ ಹೆಸರು ಬೆಟ್ಟಾ, ಗಾತ್ರ ನನ್ನ ಹೆಬ್ಬೆರಳಿನಷ್ಟು. ಮೊಟ್ಟೆಯನ್ನೇ ಕಂಡರಿಯದ ನಮ್ಮ ಮನೆಯೊಳಗೆ ಮೀನು ಕಾಲಿಟ್ಟದ್ದು, ಕಾಲಿದ್ದರೆ, ಅದೇ ಮೊದಲು. ಪಕ್ಕದ ಮನೆಯ ಶಾಂತಕ್ಕ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದಳು.

"ಮುಧೋಳದಾಗಿದ್ದು ಒಂದ್ ಛಲೋ ನಾಯಿ ತರೋದ್ ಬಿಟ್ಟು ಇದನ್ಯಾಕ ತಂದ್ಯೋ ಈರಣ್ಣಾ?" ಎಂದಳು.

"ನಾಯಿ ಬೊಗಳತೈತಿ ಶಾಂತಕ್ಕ. ನಿಮ್ಮ ಓಣ್ಯಾಗ ಅದರ ದನಿ ಯಾರಿಗ್ ಕೇಳಬೇಕು?" ಎಂದ ತಮ್ಮ.

ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನೇಕಾರರ ಕಣ್ಣು ಎಲ್ಲಿ ಬಿದ್ದರೂ ಬಟ್ಟೆಯ ಮೇಲೇ ಬೀಳುತ್ತದೆ. ಕೆಂಪು ಒಡಲು, ನೀಲಿ ಅಂಚು, ಹಿಂದೆ ನೀರಲ್ಲಿ ಹರಡಿದ ಉದ್ದನೆಯ ಬಾಲ. "ಎಂಥಾ ಸೆರಗ ಬಿಟ್ಟಾಳ ನೋಡ ನಮ್ಮವ್ವ" ಎಂದಳು. ಅದು ಗಂಡು ಎಂದು ಈರಣ್ಣ ತಿದ್ದಿದಾಗ, "ಗಂಡಸಾಗಿ ಇಷ್ಟ್ ಸಿಂಗಾರ ಮಾಡ್ಕೊಂಡಾನಂದ್ರ ದೇಸಾಯಿನ ಇರಬೇಕು" ಎಂದಳು. ಅಂದಿನಿಂದ ಅವನು ದೇಸಾಯಿ.

ದೇಸಾಯಿ ಎಂದಮೇಲೆ ಅರಮನೆಯಂಥ ವಾಡೆ ಬೇಕಲ್ಲ. ಅಂಗಡಿಯವರು ಈ ಮೀನನ್ನು ಬಾಟಲಿಯಲ್ಲಿ ಮಾರುತ್ತಾರೆಂದ ಮಾತ್ರಕ್ಕೆ ಬಾಟಲಿಯಲ್ಲೇ ಸಾಕಬಾರದಂತೆ. ಕಡಿಮೆಯೆಂದರೂ ದೊಡ್ಡ ಕೊಡವೊಂದರ ನೀರು ಹಿಡಿಯುವ ಗಾಜಿನ ಪೆಟ್ಟಿಗೆ ಬೇಕು. ಜಿಗಿಯುವ ಚಟವಿರುವುದರಿಂದ ಮೇಲೆ ಮುಚ್ಚಳ ಬೇಕು. ಆದರೆ ಮೇಲೆ ಬಂದು ನಮ್ಮ ಹಾಗೆ ಉಸಿರೂ ಎಳೆಯುವುದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿ ಆಡಬೇಕು. ನಳದ ನೀರಿಗೆ ಔಷಧದ ಹನಿ ಹಾಕಬೇಕು, ನೀರು ಬೆಚ್ಚಗಿರಬೇಕು, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜಿನ ಫಿಲ್ಟರ್ ಬೇಕು, ಮೆತ್ತಗಿನ ಎಲೆಯ ಗಿಡ ಬೇಕು, ಬೇಸರವಾದರೆ ಅಡಗಿಕೊಳ್ಳಲು ಒಂದು ಮೂಲೆ ಬೇಕು. ಇನ್ನೊಂದು ಗಂಡು ಮೀನು ಮಾತ್ರ ಬೇಡವೇ ಬೇಡ, ಕಂಡರೆ ಯುದ್ಧ. ನಮ್ಮ ಓಣಿಯ ಎಷ್ಟೋ ಅಣ್ಣತಮ್ಮಂದಿರಿಗೂ ಇದೇ ವ್ಯವಸ್ಥೆ ಮಾಡಿದ್ದರೆ ಎಷ್ಟು ಅಡ್ಡಗೋಡೆ ಕಟ್ಟುವುದು ಉಳಿಯುತ್ತಿತ್ತು ಎಂದುಕೊಂಡೆ. ಈರಣ್ಣನ ಕೋಣೆಯಲ್ಲಿದ್ದ ಪೆಟ್ಟಿಗೆ ಬಸ್ಸಿನಲ್ಲಿ ತರುವಂಥದ್ದಲ್ಲವಾದ್ದರಿಂದ ಜಮಖಂಡಿಯಿಂದ ಬೇರೊಂದು ತಂದೆವು, ಬಾಯಿ ಒಡೆದ ಒಂದು ಮಣ್ಣಿನ ಕುಡಿಕೆಯನ್ನು ಅಂಚು ಉಜ್ಜಿ ನುಣ್ಣಗೆ ಮಾಡಿ ಒಳಗೆ ಮಲಗಿಸಿದೆವು.

"ಅಲಗದಂಥ ಜಾಗಾದಾಗ ಇಡಬೇಕ ಅಕ್ಕಾ" ಎಂದ ತಮ್ಮ, ಚಹಾ ಕುಡಿದು ಎದ್ದವನು.

"ನಮ್ಮನ್ಯಾಗ ಏನೋ ಅಲಗತೈತಿ?"

ಅವನು ಕೈಯಲ್ಲಿದ್ದ ಖಾಲಿ ಲೋಟವನ್ನೊಮ್ಮೆ ನೋಡಿದ, ನಕ್ಕ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದ. ನನ್ನ ತಮ್ಮ ಯಾವಾಗಲೂ ಹೀಗೇ: ಬರುತ್ತಾನೆ, ಚಹಾ ಕುಡಿಯುತ್ತಾನೆ, ಹೋಗುತ್ತಾನೆ. ಒಂಬತ್ತನೇ ಇಯತ್ತೆಯಲ್ಲಿ ಮುಧೋಳದ ಅತ್ತೆಯ ಮನೆಗೆ ಹೋದವನು ಆಮೇಲೆ ಈ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಅವ್ವ ಅವನ ಹಾಸಿಗೆಯನ್ನು ಇಂದಿಗೂ ಬಿಸಿಲಿಗೆ ಹಾಕಿ ಒಳಗಿಡುತ್ತಾಳೆ.

ದೇಸಾಯಿಯನ್ನು ನಾನು ಇಟ್ಟದ್ದು ಮಗ್ಗದ ಗೋಡೆಗೆ ಹತ್ತಿದ ಕಲ್ಲಿನ ಕಟ್ಟೆಯ ಮೇಲೆ. ಪ್ರೀತಿಯಿಂದಲೇ ಇಟ್ಟೆ, ನಂಬಿ. ಕಂಡಿಕೆ ಸುತ್ತುತ್ತ ಕುಳಿತರೆ ನನ್ನ ಕಣ್ಣೆದುರಿಗೇ ಇರುತ್ತಾನೆ, ಒಂಟಿತನ ಕಾಡುವುದಿಲ್ಲ ಎಂಬ ಲೆಕ್ಕ. ಆದರೆ ವಾಡೆಗೆ ಬಂದ ಮರುದಿನವೇ ಅವನು ಸೆರಗು ಮಡಚಿದ. ಅಂಗಡಿಯಲ್ಲಿ ಗಿರಾಕಿ ಒಲ್ಲೆನೆಂದ ಸೀರೆಯ ಹಾಗೆ ಮಡಿಕೆ ಬಿದ್ದು ಕುಡಿಕೆಯೊಳಗೆ ಸೇರಿಕೊಂಡ. ಹಾಕಿದ ಕಾಳು ಬಾಯಿಗೆ ತೆಗೆದುಕೊಂಡು, ಅವ್ವನ ಅಡುಗೆಗೆ ಉಪ್ಪು ಹೆಚ್ಚಾದಾಗ ನಾವು ಮಾಡುವ ಮುಖ ಮಾಡಿ, ಉಗುಳಿಬಿಟ್ಟ. ನಾನು ನೀರು ಬದಲಿಸಿದೆ, ಗಿಡ ಸರಿಸಿದೆ, ಗಾಜಿಗೆ ಮೂಗು ಹಚ್ಚಿ ಕ್ಷೇಮ ವಿಚಾರಿಸಿದೆ. "ಈರಣ್ಣನ ನೆನಪ ಆಗೇತಿ ಅದಕ್ಕ" ಎಂದಳು ಅವ್ವ. ಆ ಮಾತನ್ನು ಆಕೆ ಮೀನಿಗಾಗಿಯೇ ಹೇಳಿದಳೆಂದು ನನಗೆ ಅನಿಸಲಿಲ್ಲ. ತಮ್ಮ ಫೋನ್ ಮಾಡಿದರೆ "ಆರಾಮ ಅದಾನ ನಿನ್ನ ದೇಸಾಯಿ" ಎಂದು ನಾನು ಸುಳ್ಳು ಹೇಳುತ್ತಿದ್ದೆ. ಅವನು ಈ ಮನೆಯ ಪಾಲಿಗೆ ಬಿಟ್ಟುಹೋದ ಒಂದೇ ಒಂದು ಜೀವ. ಅದನ್ನೂ ಕಳೆದುಕೊಂಡರೆ ಆ ಚಹಾದಷ್ಟು ಹೊತ್ತಿನ ಭೇಟಿಯೂ ನಿಂತುಹೋದೀತೆಂಬ ಭಯ.

ಲೈನ್ ರಿಪೇರಿಗೆಂದು ಕರೆಂಟು ತೆಗೆದ ಒಂದು ಮುಂಜಾನೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಂಥ ದಿನ ನಾವು ಅಭ್ಯಾಸಬಲದಿಂದ ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತಾಡಿ ಆಮೇಲೆ ನಾಚುತ್ತೇವೆ. ಕಸ ಹೊಡೆಯುತ್ತ ಕಟ್ಟೆಯ ಕಡೆ ನೋಡುತ್ತೇನೆ, ದೇಸಾಯಿ ಹೊರಗೆ ಬಂದಿದ್ದಾನೆ. ಕೆಂಪು, ನೀಲಿ, ಒಂದು ಮಡಿಕೆಯೂ ಉಳಿಯದಂತೆ ಬಿಚ್ಚಿಕೊಂಡು ತನ್ನ ವಾಡೆಯನ್ನು ಮೊದಲ ಸಲ ಸುತ್ತಿ ನೋಡುತ್ತಿದ್ದಾನೆ. ಅವ್ವನನ್ನು ಕರೆದೆ. ಇಬ್ಬರೂ ನಿಂತು ನೋಡುತ್ತಿರುವಾಗಲೇ ಕರೆಂಟು ಬಂತು, ಮಗ್ಗಗಳು ಎದ್ದವು, ಸೆರಗು ಮಡಚಿತು. ನಾನು ಹೋಗಿ ನಮ್ಮ ಮಗ್ಗಗಳ ಸ್ವಿಚ್ಚು ಆರಿಸಿದೆ. ಸ್ವಲ್ಪ ಹೊತ್ತಿಗೆ ಬಿಚ್ಚಿತು. ಹಾಕಿದೆ, ಮಡಚಿತು. ಪೆಟ್ಟಿಗೆಯ ಮೇಲ್ನೀರಿನಲ್ಲಿ, ನಮ್ಮ ಲೋಟದೊಳಗಿನ ಅವವೇ ಉಂಗುರಗಳು. ನಾವು ನೀರು ಕುಡಿದು ಲೋಟ ಕೆಳಗಿಡುತ್ತೇವೆ. ಅವನು ಲೋಟದೊಳಗೇ ಬದುಕಬೇಕಿತ್ತು.

ಓದುವ ಗೆಳೆಯರೇ, ಇಲ್ಲಿಯವರೆಗೆ ನಕ್ಕದ್ದಾಯಿತು. ಈಗ ಹೇಳಬೇಕಾದ ಮಾತು. ಆ ಕಲ್ಲಿನ ಕಟ್ಟೆ ಒಂದು ಕಾಲಕ್ಕೆ ಈರಣ್ಣನ ಓದುವ ಜಾಗ. ಒಂಬತ್ತನೇ ಇಯತ್ತೆಯಲ್ಲಿ ಅವನು ಪುಸ್ತಕ ಮುಚ್ಚಿ "ಅಕ್ಷರ ನಡಗತಾವ ಅಕ್ಕಾ, ಓದಾಕ ಆಗವಲ್ದು" ಎಂದಿದ್ದ. ಅವನು ಓದಲೆಂದು ಕಂಡಿಕೆಗೆ ಕುಳಿತವಳು ನಾನು; ನನಗೆ ಅದು ಮೈಗಳ್ಳನ ನೆಪವಾಗಿ ಕೇಳಿಸಿತು. ಹಬ್ಬಕ್ಕೆ ಬಂದ ನೆಂಟರ ಮುಂದೆ, "ನಮ್ಮ ದೊರಿ ಪುಸ್ತಕಕ್ಕ ಚಳಿಜ್ವರ ಬಂದೈತಂತ, ಒಂದ್ ಕೌದಿ ಹೊಚ್ಚರಿ" ಎಂದೆ. ಎಲ್ಲರೂ ನಕ್ಕರು. ನನ್ನ ಬುದ್ಧಿವಂತಿಕೆಗೆ ಯಾರಾದರೂ ನಕ್ಕದ್ದು ಅದೇ ಮೊದಲಾದ್ದರಿಂದ ಮರುದಿನವೂ ಹೇಳಿದೆ. ಓಣಿಯ ಹುಡುಗರು ಅದನ್ನು ಎತ್ತಿಕೊಂಡು "ಚಳಿ ಈರ್‍ಯಾ" ಎಂದು ಕರೆಯತೊಡಗಿದರು. ತಿಂಗಳೊಳಗೆ ಅವನು ಮುಧೋಳಕ್ಕೆ ಹೋದ. ಮಗ್ಗದ ಸದ್ದಿಗೆ ಹೋದನೆಂದು ಅವ್ವ ಹೇಳುತ್ತಾಳೆ. ನಾನು ಕಂಡಿಕೆ ಸುತ್ತುತ್ತಲೇ ಇರುತ್ತೇನೆ.

ಹಿತ್ತಲಿನ ಕಡೆ ನೂಲಿನ ಮೂಟೆ ಇಡುವ ಕೋಣೆಯೊಂದಿದೆ. ಮಣ್ಣಿನ ನೆಲ, ಗೋಡೆಯುದ್ದಕ್ಕೂ ಮೂಟೆಗಳು, ಸದ್ದು ಅಲ್ಲಿಗೆ ಹೋಗುವಷ್ಟರಲ್ಲಿ ದಣಿದಿರುತ್ತದೆ. ಮೂಟೆ ಸರಿಸಿ, ಗಟ್ಟಿ ಬೆಂಚು ಹಾಕಿ, ಅದರ ಮೇಲೆ ಹಳೆಯ ಕೌದಿಯೊಂದನ್ನು ಮಡಿಕೆ ಮಾಡಿ ಹಾಸಿ ಪೆಟ್ಟಿಗೆ ಇಟ್ಟೆ. ಹೌದು, ಕೌದಿ. ಚೇಷ್ಟೆಗೆ ಬಾಯಲ್ಲಿ ಹೊದಿಸಿದ್ದನ್ನು ಇಷ್ಟು ವರ್ಷಕ್ಕೆ ಕೈಯಿಂದ ಹಾಸಿದೆ. ಎರಡೇ ದಿನಕ್ಕೆ ದೇಸಾಯಿ ಕಾಳು ತಿಂದ. ಆಮೇಲೊಂದು ದಿನ ನೋಡಿದರೆ ನೀರಿನ ಮೇಲೆ ಮೂಲೆಯಲ್ಲಿ ಒತ್ತೊತ್ತಾಗಿ ಸಣ್ಣ ಗುಳ್ಳೆಗಳು, ಹಾಲಿನ ನೊರೆಯ ಹಾಗೆ. ಫಿಲ್ಟರ್ ಕೆಟ್ಟಿತೆಂದು ಗಾಬರಿಯಾದೆ.

ಈರಣ್ಣ ಮೀನು ಒಯ್ಯಲು ಬಂದಾಗ ಮೊದಲು ಕಂಡದ್ದೇ ಆ ನೊರೆ.

"ಗೂಡ ಕಟ್ಟ್ಯಾನಲ್ಲ ಮಗ" ಎಂದು ಬಗ್ಗಿದ. "ಮರಿಗೆ ಅಂತ ಬಾಯಿಲೆ ಒಂದೊಂದ ಗುಳ್ಳಿ ಊದಿ ಕಟ್ಟತಾವ. ನೀರ ನಿಂತಿದ್ರನ ನಿಲ್ಲತೈತಿ ಇದು. ನನ್ನ ಖೋಲ್ಯಾಗ ಕಬ್ಬಿನ ಟ್ರ್ಯಾಕ್ಟರ್ ಹಾಯೋ ನಡುಕಕ್ಕ ಒಮ್ಮಿನೂ ಕಟ್ಟಿರಲಿಲ್ಲ."

ನಾನು ಮನಸ್ಸಿನಲ್ಲಿ ನೇಯ್ದಿಟ್ಟುಕೊಂಡಿದ್ದ ಮಾತುಗಳೆಲ್ಲ ಎಳೆ ಹರಿದುಕೊಂಡವು. "ತಮ್ಮಾ, ಅವತ್ತ ಅಕ್ಷರ ನಡಗತಿದ್ದು ಖರೆ ಇತ್ತೋ" ಎಂದೆ. "ಮಂದಿ ಮುಂದ ನಾ ಹಂಗ ಆಡಬಾರದಾಗಿತ್ತು. ತಪ್ಪ ನಂದು."

ಅವನು ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ನಾ ಹೇಳಿದ್ರ ನಂಬಲಿಲ್ಲ. ಮೀನ ಹೇಳಿದ್ರ ನಂಬಿದಿ" ಎಂದ.

"ನಿನಗಿಂತ ಸುಮ್ಮನಿರತೈತಿ, ಅದಕ್ಕ ಕೇಳಿಸ್ತು."

ಅವನಿಗೆ ನಗು ಬಂತು, ಪೂರ್ತಿ ಅಲ್ಲ. ಕುಡಿಯಲು ನೀರು ಕೇಳಿದ. ತಂದುಕೊಟ್ಟೆ, ಅರ್ಧ ಕುಡಿದು ಲೋಟವನ್ನು ಪೆಟ್ಟಿಗೆಯ ಪಕ್ಕ ಕೌದಿಯ ಮೇಲಿಟ್ಟ. ಗೂಡು ಕಟ್ಟಿದವನನ್ನು ಎಬ್ಬಿಸಿ ಒಯ್ಯುವುದು ಬೇಡ, ಇಲ್ಲೇ ಇರಲಿ, ತಾನೇ ಬಂದು ನೋಡುತ್ತಿರುತ್ತೇನೆ ಎಂದ. ಹಾಗೆನ್ನುತ್ತ ನೂಲಿನ ಮೂಟೆಗೆ ಒರಗಿದ, ಒರಗಿದವನು ಜಾರಿದ, ಜಾರಿದವನು ನಿದ್ದೆಹೋದ. ಅವ್ವ ಬಾಗಿಲಿಗೆ ಬಂದು ನೋಡಿ, ಒಳಹೋಗಿ ಹಾಸಿಗೆಯ ಸುರುಳಿ ತಂದು ಹೊಸ್ತಿಲಲ್ಲಿಟ್ಟಳು. ಮುಧೋಳದ ಕೊನೆಯ ಬಸ್ಸು ಹೊರಡುವ ಹೊತ್ತು ಹತ್ತಿರವಾಗಿತ್ತು. ಇಬ್ಬರೂ ಎಬ್ಬಿಸಲಿಲ್ಲ.

ನಾನು ಮಗ್ಗದ ಕೋಣೆಗೆ ಹೋಗಿ ಎರಡೂ ಮಗ್ಗ ಆರಿಸಿದೆ. ತಿರುಗಿ ಬಂದು ಲೋಟದೊಳಗೆ ಇಣುಕಿದೆ. ಪಕ್ಕದ ಮನೆಗಳ ಮಗ್ಗ ಓಡುತ್ತಲೇ ಇದ್ದವಲ್ಲ, ಬೇಕೆಂದೇ ಹುಡುಕಿದರೆ ಒಂದು ಉಂಗುರವಾದರೂ ಸಿಗುತ್ತಿತ್ತೇನೋ. ನಾನು ಹುಡುಕಲಿಲ್ಲ.

ಗೋಡೆಯಾಚೆಯಿಂದ ಶಾಂತಕ್ಕ ಕೂಗಿದಳು, "ಏನ ಬೇ, ನಿಮ್ಮನ್ಯಾಗ ಅಷ್ಟ ಕರೆಂಟ ಹೋತೇನ?"

"ಹೂಂ ಶಾಂತಕ್ಕ" ಎಂದೆ, ಅವನಿಗೆ ಎಚ್ಚರವಾಗದಷ್ಟು ಸಣ್ಣ ದನಿಯಲ್ಲಿ. "ನಾಳೆ ಮುಂಜಾನೆ ಬರತೈತಿ."