ಕಚೇರಿ ಮಹಡಿಯಿಂದ ಕೆಳಗಿಳಿದ ದಿನ

ಮಳೆ ನಿಂತ ಮೂರನೆಯ ದಿನ ಬೆಳಿಗ್ಗೆ ಸರ್ಕಾರದ ಕಡೆಯವನೊಬ್ಬ ನಮ್ಮ ಬಾಗಿಲು ತಟ್ಟಿದ. ಕಂಕುಳಲ್ಲಿ ಉದ್ದನೆಯ ರಿಜಿಸ್ಟರು, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡಿದ್ದ. ಮೈಸೂರಿನವಳಾದ ನಾನು ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದು, ಅಲ್ಲೇ ತೆಲುಗು ಕಲಿತು, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಹಿಡಿದು ಮಿಯಾಪುರದ ಹೊಸ ಅಪಾರ್ಟ್‌ಮೆಂಟಿಗೆ ಬಂದಿದ್ದೆ. ಆಗ ಮೆಟ್ರೊ ಎಂಬ ಮಾತೇ ಇರಲಿಲ್ಲ. ಎಲ್ಲಿ ನೋಡಿದರೂ ಕಟ್ಟುತ್ತಿದ್ದ ಕಟ್ಟಡಗಳು, ಅವುಗಳ ನಡುವೆ ಕೆರೆಯ ಉಳಿದ ನೀರು.

"ಕರೆಂಟ್ ಬಿಲ್ ಇದೆಯಾ ಮೇಡಂ?" ಎಂದು ತೆಲುಗಿನಲ್ಲಿ ಕೇಳಿದ. ಇತ್ತು. ಹೆಸರು ಬರೆದುಕೊಂಡ. ಒಂದು ಫಾರಂ ಮುಂದೆ ಹಿಡಿದ. "ಮನೆಯೊಳಗೆ ನೀರು ನುಗ್ಗಿ ಸಾಮಾನು ಹಾಳಾಗಿದೆ" ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು.

"ನನ್ನ ಮನೆಗೆ ನೀರು ಬಂದಿಲ್ಲ. ಕೆಳಗೆ ಸ್ಕೂಟರು ಮುಳುಗಿತ್ತು, ಅಷ್ಟೆ" ಎಂದೆ.

"ಪರವಾಗಿಲ್ಲ. ನಿಮ್ಮ ಸೆಕ್ರೆಟರಿ ಎಲ್ಲ ಫ್ಲ್ಯಾಟಿನ ಹೆಸರೂ ಕೊಟ್ಟಿದ್ದಾರೆ. ಸೈನ್ ಮಾಡಿ."

ಕಂಪನಿಯ ಬಸ್ಸಿಗೆ ಹೊತ್ತಾಗಿತ್ತು. ಆ ಸಾಲನ್ನು ಓದಿದ ಮೇಲೂ ಸಹಿ ಹಾಕಿದೆ. ಇದನ್ನು ತೋರಿಸಿದರೆ ಪರಿಹಾರ ಸಿಗುತ್ತದೆ ಎಂದು ಅವನು ಒಂದು ಹಳದಿ ಚೀಟಿ ಹರಿದು ಕೊಟ್ಟ. ಬಸ್ಸಿನ ಅವಸರ ನಿಜವೇ. ಆದರೆ ಅದನ್ನೇ ನೆಪ ಮಾಡಿಕೊಂಡೆ ಎಂಬುದೂ ನಿಜ.

ಅವನು ಮೆಟ್ಟಿಲಿಳಿಯುವಾಗ ಕಿಟಕಿಯಿಂದ ಕಾಂಪೌಂಡಿನ ಆಚೆ ಕೈ ತೋರಿಸಿದೆ. "ಅಲ್ಲಿಗೂ ಹೋಗುತ್ತೀರಲ್ಲ?"

"ಅಕ್ಕಡ ಎವರೂ ಲೇರು ಮೇಡಂ" ಎಂದ. ಅಲ್ಲಿ ಯಾರೂ ಇಲ್ಲ. "ಅದು ಸೈಟು. ಮನೆ ಅಲ್ಲ."

ಯಾರೂ ಇಲ್ಲ ಎಂದ ಆ ಜಾಗದಲ್ಲಿ ಯಾದಗಿರಿ, ರಾಯಚೂರು ಕಡೆಯ ಮೂವತ್ತು ನಲವತ್ತು ಸಂಸಾರಗಳು ತಗಡಿನ ಶೆಡ್ಡುಗಳಲ್ಲಿದ್ದವು. ನಮ್ಮ ಅಪಾರ್ಟ್‌ಮೆಂಟು ಮುಗಿಸಿ, ಅದೇ ಬಿಲ್ಡರನ ಇನ್ನೊಂದು ಕಟ್ಟಡ ಎಬ್ಬಿಸುತ್ತಿದ್ದವರು ಅವರು. ಅವರಲ್ಲಿ ಯಾದಗಿರಿಯ ಒಬ್ಬಳ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ನಲವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡಿದ್ದ. ಸೊಂಟದಿಂದ ಕೆಳಗೆ ಕಾಲುಗಳಲ್ಲಿ ಬಲವಿರಲಿಲ್ಲ. ನಾಲ್ಕು ಗಾಲಿಯ ಹಲಗೆಯ ಮೇಲೆ ಕೂತು ಕೈಯಿಂದ ನೆಲ ತಳ್ಳುತ್ತ ಓಡಾಡುತ್ತಿದ್ದಳು. ಒಂಟಿಯಾಗಿ ಬಂದ ಕೂಲಿಗಳಿಗೆಲ್ಲ ರೊಟ್ಟಿ ಬಡಿದು ಹಾಕುವುದು ಅವಳ ಕೆಲಸ. ರೊಟ್ಟಿಯ ಸಪ್ಪಳ ಕೇಳಿ ಒಂದು ದಿನ ಗೋಡೆಯ ಮೇಲಿಂದ ಇಣುಕಿ, "ನನಗೂ ಎರಡು ಕೊಡ್ತೀರಾ ಅಕ್ಕ?" ಎಂದಿದ್ದೆ. "ಯವ್ವಾ, ಇದ್ಯಾವ ಪುಸ್ತಕದ ಕನ್ನಡಾರಿ ನಿಮ್ದು!" ಎಂದು ಬಿದ್ದು ಬಿದ್ದು ನಕ್ಕಿದ್ದಳು. ಅಂದಿನಿಂದ ನಾನು ಅವಳಿಗೆ ಅಕ್ಕೋರು. ಅವರ ಕಡೆ ಶಾಲೆಯ ಮೇಡಂಗೆ ಹಾಗೆನ್ನುತ್ತಾರಂತೆ.

ಆ ದಿನ ಬಸ್ಸು ಹತ್ತಲಿಲ್ಲ. ಬ್ರೆಡ್ಡು, ಬಿಸ್ಕತ್ತು ಹಿಡಿದು ಅವರಿದ್ದಲ್ಲಿಗೆ ಹೋದೆ. ಶೆಡ್ಡುಗಳು ಒಂದರ ಮೇಲೊಂದು ಒರಗಿ ಬಿದ್ದಿದ್ದವು. ಜನರೆಲ್ಲ ಕಟ್ಟಡದ ಬರಿ ಸ್ಲ್ಯಾಬಿನ ಮೇಲೆ, ಸಿಮೆಂಟಿನ ಖಾಲಿ ಚೀಲ ಹಾಸಿಕೊಂಡು ಕೂತಿದ್ದರು. ನೀರು ಎದೆಮಟ್ಟ ಬಂದಾಗ ಅವಳನ್ನು ಒಂದು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಮೇಲೆತ್ತಿದ್ದರಂತೆ. ಹಿಟ್ಟಿನ ಡಬ್ಬಿ, ಹಂಚು, ಗಾಲಿಯ ಹಲಗೆ ಎಲ್ಲವೂ ಕೊಚ್ಚಿಹೋಗಿದ್ದವು.

ಚೀಟಿ ತೋರಿಸಿದೆ. "ಇಂಥದ್ದು ಕೊಡ್ತಿದ್ದಾರೆ ಅಕ್ಕ. ನಿಮಗೂ ಕೇಳಬೇಕು."

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿಮ್ಮ ಮನಿಯಾಗ ನೀರು ಬಂದಿತ್ತೇನ್ರಿ?"

"ಇಲ್ಲ."

"ಮತ್ತ?"

ಅವಳು ಬೈಯಲಿಲ್ಲ. ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಎಲ್ಲಿ ಕೊಡಾಕತ್ಯಾರ ಹೇಳ್ರಿ, ಹೋಗೂಣು" ಎಂದಳು.

ಕೂಲಿಗಳ ಮೇಸ್ತ್ರಿ ಅಡ್ಡ ಬಂದ. ಅವನೂ ಅವರ ಕಡೆಯವನೇ. "ಸುಮ್ನ ಕುಂದರ್ರಿ. ಹೋದ್ರ ಶೆಡ್ಡು ಯಾರ ಜಾಗದಾಗ ಹಾಕೀರಿ ಅಂತ ಕೇಳ್ತಾರ. ರೇಶನ್ ಕಾರ್ಡ ಊರಾಗ ಐತಿ, ಊರಿಗಿ ಹೋಗಿ ಕೇಳ್ರಿ."

"ಊರಾಗ ನೀರು ಬಂದಿಲ್ಲಲೋ, ಇಲ್ಲಿ ಬಂದೈತಿ" ಎಂದಳು ಅವಳು. "ನೀರು ಬರೂಮುಂದ ಕಾರ್ಡ ಕೇಳಿತ್ತೇನು?"

ಮೇಸ್ತ್ರಿ ಮುಖ ತಿರುಗಿಸಿ ಹೋದ. ಅವಳ ಜೊತೆ ಬರಲು ಏಳೆಂಟು ಹೆಂಗಸರು ಎದ್ದರು. ಅವಳನ್ನು ಎತ್ತಿ ಕೂರಿಸಿಕೊಂಡು ಎರಡು ಆಟೊಗಳಲ್ಲಿ ಹೊರಟೆವು.

ಪರಿಹಾರದ ಕಚೇರಿಯನ್ನು ಒಂದು ಸರ್ಕಾರಿ ಶಾಲೆಯಲ್ಲಿ ತೆರೆದಿದ್ದರು. ಕೆಳಗಿನ ಕೋಣೆಗಳನ್ನು ತೊಳೆದಿದ್ದರೂ ಮಣ್ಣಿನ ವಾಸನೆ ಹೋಗಿರಲಿಲ್ಲ. ಹಾಗಾಗಿ ಮೇಜು, ಅಧಿಕಾರಿ, ಪಟ್ಟಿ ಎಲ್ಲವೂ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಮೇಲೆ ಕೈಯಲ್ಲಿ ಹಳದಿ ಚೀಟಿ ಹಿಡಿದವರ ಸಾಲು. ಅದರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಇಬ್ಬರು ನನ್ನನ್ನು ನೋಡಿ ನಕ್ಕರು. ಮೆಟ್ಟಿಲ ಬುಡದಲ್ಲಿ ಸಾಲಿಗೆ ಸೇರದವರೂ ಇದ್ದರು. ಗೋಡೆ ಹಿಡಿದು ನಿಂತ ಕಣ್ಣು ಕಾಣದ ಮುದುಕ, ತುಂಬು ಗರ್ಭಿಣಿಯಾದ ಒಬ್ಬ ಹುಡುಗಿ. ಇಬ್ಬರೂ ಪಕ್ಕದ ಕೊಳೆಗೇರಿಯವರು, ತೆಲುಗಿನವರು. ಇಬ್ಬರ ಹತ್ತಿರವೂ ಕಾರ್ಡಿತ್ತು. ಹತ್ತುವ ಶಕ್ತಿ ಇರಲಿಲ್ಲ.

ಕೆಳಗೆ ನಿಂತಿದ್ದ ಗುಮಾಸ್ತ, ಆಟೊ ಇಳಿದು ಕೈಯೂರಿ ಸರಿಯುತ್ತ ಬಂದ ಅಕ್ಕನನ್ನು ನೋಡಿ, "ಮನೆಯ ಗಂಡಸರನ್ನು ಕಳಿಸಿ" ಎಂದ. ನಾನು ಕನ್ನಡದಲ್ಲಿ ಹೇಳಿದೆ.

"ಗಂಡಸೂ ನಾನ, ಹೆಂಗಸೂ ನಾನ ಅಂತ ಹೇಳ್ರಿ."

ಹೇಳಿದೆ. ಹಾಗಾದರೆ ಅರ್ಜಿದಾರರೇ ಮೇಲೆ ಬಂದು ಸಾಹೇಬರ ಎದುರಿಗೆ ಹೆಬ್ಬೆಟ್ಟು ಒತ್ತಬೇಕು ಎಂದ ಅವನು. ಸಾಲಿನಲ್ಲಿದ್ದ ಇಬ್ಬರು ಗಂಡಸರು ಒಳ್ಳೆಯ ಮನಸ್ಸಿನಿಂದಲೇ ಮುಂದೆ ಬಂದು, "ಎತ್ತಿಕೊಂಡು ಹೋಗುತ್ತೇವೆ" ಎಂದರು.

"ಬ್ಯಾಡ" ಎಂದಳು. "ನನ್ನ ಹೊತಗೊಂಡು ಒಯ್ದ್ರ ನಾ ಒಬ್ಬಾಕಿ ಮ್ಯಾಲ ಹೋಗ್ತೀನಿ. ಈ ಮುತ್ಯಾನ್ನ ಯಾರು ಒಯ್ತಾರ? ಈ ಬಸುರಿ ಹೆಂಗ ಹತ್ತಬೇಕು? ಮ್ಯಾಲಿನ ಸಾಹೇಬ್ರಿಗಿ ಎರಡು ಕಾಲ ಅದಾವಲ್ಲ, ಅವರ ಇಳಿದು ಬರಲಿ."

ಹೀಗೆ ಹೇಳಿ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಜೊತೆಗೆ ಬಂದ ಹೆಂಗಸರು ಅವಳ ಸುತ್ತ ಕೂತರು. ಬಸುರಿ ಹುಡುಗಿಗೆ ಮಾತು ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು. ಮೆಲ್ಲಗೆ ಬಂದು ಅವಳ ಪಕ್ಕದಲ್ಲಿ ಕೂತಳು. ಮುದುಕನ ಕೈ ಹಿಡಿದು ನಾನೇ ಕೂರಿಸಿದೆ. ಸಾಲು ನಿಂತುಹೋಯಿತು.

ಗುಮಾಸ್ತ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ನೀವು ಓದಿದವರು ಮೇಡಂ. ಇವರಿಗೆ ಸ್ವಲ್ಪ ಹೇಳಿ."

"ಹೇಳಬೇಕಾದ್ದನ್ನು ಅವರೇ ಹೇಳುತ್ತಿದ್ದಾರೆ. ತೆಲುಗಿಗೆ ತರುವುದಷ್ಟೇ ನನ್ನ ಕೆಲಸ" ಎಂದೆ.

ಅಷ್ಟರಲ್ಲಿ ನನ್ನ ಮೊಬೈಲಿಗೆ ಆಫೀಸಿನಿಂದ ಮ್ಯಾನೇಜರನ ಫೋನು ಬಂತು. ಅಂದು ಸಂಜೆ ಅಮೆರಿಕದ ಗಿರಾಕಿಗೆ ಕೆಲಸ ಒಪ್ಪಿಸಬೇಕಿತ್ತು. ಬರುವುದಿಲ್ಲ ಎಂದೆ. ಮೈ ಹುಷಾರಿಲ್ಲವೇ ಎಂದು ಕೇಳಿದ. "ಹುಷಾರಾಗಿದ್ದೇನೆ, ಆದರೂ ಬರುವುದಿಲ್ಲ" ಎಂದು ಫೋನು ಇಟ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಅಧಿಕಾರಿ ಇಳಿದು ಬಂದರು. ಇಳಿಯದೆ ಗತಿಯಿರಲಿಲ್ಲ. ಮೆಟ್ಟಿಲ ತುಂಬ ಹೆಂಗಸರು. ಆತ ಕೆಟ್ಟ ಮನುಷ್ಯನಂತೆ ಕಾಣಲಿಲ್ಲ, ಮೂರು ದಿನದಿಂದ ನಿದ್ದೆಗೆಟ್ಟ ಮುಖ. "ನಾನೇನು ಮಾಡಲಿ? ಸರ್ವೇ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಲೋಕಲ್ ಕಾದು. ಇಲ್ಲಿಯವರಲ್ಲ" ಎಂದರು.

ನಾನು ಚೀಲದಿಂದ ಹಳದಿ ಚೀಟಿ ತೆಗೆದು ಅವರ ಮುಂದೆ ಹಿಡಿದೆ. "ಪಟ್ಟಿಯಲ್ಲಿ ನನ್ನ ಹೆಸರಿದೆ. ನನ್ನ ಮನೆಗೆ ಒಂದು ತೊಟ್ಟು ನೀರೂ ಬಂದಿಲ್ಲ. ಸುಳ್ಳು ಸಹಿ ಹಾಕಿದ್ದೇನೆ. ಮೊದಲು ಅದನ್ನು ಹೊಡೆದುಹಾಕಿ."

ಮೆಟ್ಟಿಲ ಮೇಲಿದ್ದ ನಮ್ಮ ಅಪಾರ್ಟ್‌ಮೆಂಟಿನವರ ನಗು ಮಾಯವಾಯಿತು. ಅಧಿಕಾರಿ ನನ್ನನ್ನು ದಿಟ್ಟಿಸಿದರು. "ನಿಮ್ಮ ಮೇಲೆ ಕೇಸಾಗುತ್ತದೆ, ಗೊತ್ತೇನಮ್ಮ?"

"ಆಗಲಿ ಸರ್. ಫಾರಂ ತಂದು ಸಹಿ ಹಾಕಿಸಿದವರ ಹೆಸರೂ, ಆಚೆ ಯಾರೂ ಇಲ್ಲ ಎಂದು ಬರೆದವರ ಹೆಸರೂ ಅದರಲ್ಲಿ ಬರಲಿ."

ಅವರು ಅವಳ ಕಡೆ ತಿರುಗಿ ಸ್ವಲ್ಪ ಮೆತ್ತಗೆ ಕೇಳಿದರು. "ಈ ಊರಿನಲ್ಲಿದ್ದೀರಿ ಎನ್ನುವುದಕ್ಕೆ ಏನಾದರೂ ಪುರಾವೆ ಇದೆಯಾ?"

ಕನ್ನಡದಲ್ಲಿ ಕೇಳಿದೆ. ಅವಳು ಸೀರೆಯ ನಿರಿಗೆ ಸರಿಪಡಿಸಿಕೊಂಡು ಅವರನ್ನೇ ನೋಡುತ್ತ ಹೇಳಿದಳು. "ಈ ಅಕ್ಕೋರು ಇರೂ ಬಿಲ್ಡಿಂಗ ಐತಲ್ರಿ, ಅದರ ಮೂರನೇ ಮಾಳಿಗಿ ಮ್ಯಾಗಿಂದ ಬಿದ್ದೀನಿ ನಾನು. ಸ್ಲ್ಯಾಬ ಹಾಕೂ ದಿನ, ತಲಿಮ್ಯಾಲ ಕಾಂಕ್ರೀಟ ಬುಟ್ಟಿ ಇತ್ತು. ನನ್ನ ಕಾಲ ಈ ಊರಾಗ ಹೋಗ್ಯಾವ. ಇದಕ್ಕಿಂತ ಪುರಾವೆ ಏನು ಬೇಕ್ರಿ ನಿಮಗ?"

ನಾನು ಬಾಯಿ ತೆರೆದೆ, ತೆಲುಗು ಹೊರಡಲಿಲ್ಲ. ವರ್ಷದಿಂದ ಅವಳ ರೊಟ್ಟಿ ತಿಂದಿದ್ದೆ. ಕಾಲಿಗೆ ಏನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ಹುಟ್ಟಿನಿಂದಲೇ ಹಾಗಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

"ಹೇಳು ತಂಗಿ" ಎಂದಳು ಅವಳು. "ಹೇಳಿಬಿಡು."

ಹೇಳಿದೆ. ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದೆ.

ಅಧಿಕಾರಿ ಗುಮಾಸ್ತನ ಕಡೆ ತಿರುಗಿ, "ಮೇಜು ಕೆಳಗೆ ತೆಗೆದುಕೊಂಡು ಬಾ" ಎಂದರು. ಮೇಜು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಸಾಲಿನಲ್ಲಿದ್ದವರೇ ಕೈಹಾಕಿ ಇಳಿಸಿದರು. ಮಣ್ಣಿನ ವಾಸನೆಯ ಕೋಣೆಯಲ್ಲಿ ಮೊದಲು ಬರೆಸಿದವಳು ಆ ಬಸುರಿ ಹುಡುಗಿ, ನಂತರ ಮುದುಕ. ನನ್ನ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಯಾದಗಿರಿಯವಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡರು. ಹೆಬ್ಬೆಟ್ಟಿಗೆ ಮಸಿಯ ಡಬ್ಬಿ ಮುಂದಿಟ್ಟಾಗ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ಅಕ್ಷರಗಳು ಒಂದೊಂದೂ ಒಂದೊಂದು ಅಳತೆಯವು, ಆದರೆ ಪೂರ್ತಿ ಹೆಸರು ಬರೆದಳು.

ಮಾರನೆಯ ದಿನ ಕಚೇರಿಯಿಂದ ಬೇರೊಬ್ಬ ಶೆಡ್ಡುಗಳಿದ್ದ ಕಡೆ ಬಂದು ಗೋಡೆಯ ಮೇಲಿನ ನೀರಿನ ಗುರುತು ನೋಡಿ ಎಲ್ಲ ಸಂಸಾರಗಳನ್ನೂ ಬರೆದುಕೊಂಡ. ಅದೇ ವಾರ ಅಕ್ಕಿ, ಕಂಬಳಿ, ಸೀಮೆಎಣ್ಣೆ ಬಂದವು. ಮನೆ ಹಾಳಾದವರಿಗೆ ಕೊಡುವ ಪರಿಹಾರ ಮಾತ್ರ ಬರಲಿಲ್ಲ.

ನನ್ನ ಮೇಲೆ ಕೇಸೇನೂ ಆಗಲಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಎಲ್ಲರ ಚೀಟಿಗಳನ್ನೂ ಮರುಪರಿಶೀಲನೆಗೆ ಹಾಕಿದರು. ಸೆಕ್ರೆಟರಿ ಮೆಟ್ಟಿಲಲ್ಲಿ ತಡೆದು, "ನಿಮಗೆ ಬೇಡವಾಗಿದ್ದರೆ ನೀವು ಬಿಡಬೇಕಿತ್ತು, ನಮ್ಮದನ್ನೂ ಯಾಕೆ ಕೆಡಿಸಿದಿರಿ?" ಎಂದರು. "ನಿಮ್ಮದಾಗಿದ್ದರೆ ಕೆಡುತ್ತಿರಲಿಲ್ಲ" ಎಂದೆ. ಆಮೇಲೆ ಆ ಕಟ್ಟಡದಲ್ಲಿ ಹಬ್ಬಕ್ಕೆ ನನ್ನನ್ನು ಕರೆಯುವುದು ನಿಂತಿತು. ಆಫೀಸಿನಲ್ಲಿ ಆ ವರ್ಷ ಬಡ್ತಿ ತಪ್ಪಿತು. ಎರಡಕ್ಕೂ ನಾನು ಕ್ಷಮೆ ಕೇಳಲಿಲ್ಲ.

ಮನೆ ಪರಿಹಾರಕ್ಕಾಗಿ ಅವಳು ನನ್ನ ಕೈಲಿ ಅರ್ಜಿ ಬರೆಸಿದಳು. ಉತ್ತರ ಬರಲಿಲ್ಲ. ಇನ್ನೊಂದು ಬರೆಸಿದಳು. ಅಷ್ಟರಲ್ಲಿ ಬಡಗಿಯೊಬ್ಬ ಕಾಂಕ್ರೀಟು ಹಾಕಲು ಕಟ್ಟುವ ಸೆಂಟ್ರಿಂಗ್ ಹಲಗೆಯಿಂದ ಅವಳಿಗೆ ಹೊಸ ಗಾಲಿಬಂಡಿ ಮಾಡಿಕೊಟ್ಟಿದ್ದ. ಪ್ರತಿ ಅರ್ಜಿಯನ್ನೂ ಅವಳೇ ಅದರ ಮೇಲೆ ಕೂತು ಹೋಗಿ ಕೊಟ್ಟು, ಮೊಹರು ಹಾಕಿಸಿಕೊಂಡು ಬರುತ್ತಿದ್ದಳು. ಮೂರನೆಯದಕ್ಕೆ ಕೊನೆಗೂ ಒಂದು ಲಕೋಟೆ ಬಂತು. ತಗಡಿನ ಶೆಡ್ಡನ್ನು ಮನೆ ಎಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದಿತ್ತು.

ಅವಳು ರೊಟ್ಟಿ ಬಡಿಯುತ್ತಿದ್ದಳು. ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದಳು.

"ಮನಿ ಅಂದ್ರ ಏನು ಅಂತ ಅದರಾಗ ಬರದಾರೇನ್ರಿ?"

"ಇಲ್ಲ ಅಕ್ಕ."

"ಹಂಗಾರ ಅದನ್ನ ಕೇಳಿ ಇನ್ನೊಂದು ಬರೀರಿ" ಎಂದು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಹತ್ತಿರ ಕೂರಲು ಜಾಗ ಸರಿಮಾಡಿಕೊಂಡಳು.